ಬಾವಲಿ ಮರದ ಟೀಚರ್

ಹೋದ ವಾರ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಗಾಳಿಗೆ ನನ್ನ ಕೊಡೆ ಮಗುಚಿಕೊಂಡಿತು. ಬಾಗಿದ ಕಡ್ಡಿಗಳ ನಡುವೆ ಬಿಗಿದು ನಿಂತ ಕಪ್ಪು ಬಟ್ಟೆ ನೋಡುತ್ತಲೇ ನಮ್ಮ ವಿಜ್ಞಾನದ ಟೀಚರ್ ನೆನಪಾದರು. ಊರು ಅವರಿಗೆ ಮಾಡಿದ್ದನ್ನು ನೆನೆದು ಮೈಯೆಲ್ಲ ಉರಿಯಿತು.

ಹಾರನಹಳ್ಳಿ ದಾರಿಯ ನಮ್ಮೂರ ಶಾಲೆಯ ಹಿಂದೆ ದೊಡ್ಡ ಬಸರಿ ಮರವಿತ್ತು. ಅದರ ತುಂಬ ಬಾವಲಿಗಳು ಜೋತುಬಿದ್ದಿರುತ್ತಿದ್ದವು. ಟೀಚರ್ ಕೊಡೆ ಬಿಚ್ಚಿ ಹಿಡಿದು, "ಇವು ಕಡ್ಡಿ ಅಲ್ಲ ಕಣ್ರೋ, ಬೆರಳು. ಬಾವಲಿ ಹಾರೋದು ಕೈಯಲ್ಲೇ," ಎನ್ನುತ್ತಿದ್ದರು. ಹಳೇಬೀಡಿಗೆ ಕರೆದೊಯ್ದಾಗ ನಾವು ಶಿಲ್ಪ ನೋಡುತ್ತಿದ್ದರೆ ಅವರು ಸಂಜೆಯ ಆಕಾಶದಲ್ಲಿ ಹಾರುವ ಬಾವಲಿಗಳನ್ನು ತೋರಿಸಿ ವಿವರಿಸಿದ್ದರು. ಉದ್ದ, ಕಿರಿದಾದ ರೆಕ್ಕೆಯ ಪುಟ್ಟ ಬಾವಲಿ ಬಯಲಲ್ಲಿ ರಭಸದಿಂದ ಹೋಗಿ ಹುಳ ಹಿಡಿಯುತ್ತದೆ. ಗಿಡ್ಡ, ಅಗಲ ರೆಕ್ಕೆಯದು ಕಂಬ, ಕೊಂಬೆಗಳ ಸಂದಿಯಲ್ಲಿ ನಿಧಾನವಾಗಿ ತಿರುಗಾಡಿ ಪತಂಗ ಹಿಡಿಯುತ್ತದೆ. ನಮ್ಮ ಮರದ್ದು ಹಣ್ಣು ತಿನ್ನುವ ಜಾತಿ. ಹಣ್ಣಿರುವ ಮರ ಹುಡುಕಿಕೊಂಡು ಮೈಲಿಗಟ್ಟಲೆ ಹೋಗಬೇಕು, ಅದಕ್ಕೇ ಅಷ್ಟು ದೊಡ್ಡ ರೆಕ್ಕೆ. "ಯಾವುದಕ್ಕೂ ನಿಮ್ಮ ರಕ್ತ ಬೇಡ," ಎಂದು ನಗುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಎಲ್ಲೋ ದೂರದ ಜ್ವರದ ಸುದ್ದಿ ಟಿವಿಯಲ್ಲಿ ಬಂತು. ಬಾವಲಿಯಿಂದ ಬರುತ್ತದಂತೆ. ಶಾಲಾ ಸಮಿತಿಯ ಅಧ್ಯಕ್ಷರು ಮರ ಕಡಿಸಲು ಹೊರಟರು. ಊರಿನ ಸಭೆಯಲ್ಲಿ ಟೀಚರ್ ಎದ್ದು ನಿಂತರು.

"ಅವು ಕಚ್ಚಿದ ಹಣ್ಣು ತಿನ್ನೋದು ಬೇಡ, ಅವನ್ನ ಮುಟ್ಟೋದು ಬೇಡ. ಅಷ್ಟು ಸಾಕು. ಮರಿ ಹಾಕಿರೋ ಕಾಲ, ಈಗ ಕೆಣಕಬೇಡಿ."

"ಮಕ್ಕಳಿದ್ದೋರಿಗೆ ಗೊತ್ತಾಯ್ತದೆ ಮೇಡಂ ಆ ಭಯ. ನಿಮಗೇನೈತೆ?" ಎಂದರು ಅಧ್ಯಕ್ಷರು.

ಟೀಚರಿಗೆ ಮಕ್ಕಳಿರಲಿಲ್ಲ. ಯಾರೋ ನಕ್ಕರು. ನಮ್ಮಪ್ಪನೂ ಅಲ್ಲೇ ಇದ್ದರು; ತುಟಿ ಬಿಚ್ಚಲಿಲ್ಲ.

ಮಾರನೆಯ ದಿನ ಪಟಾಕಿ ಹೊಡೆದು ಬಾವಲಿಗಳನ್ನು ಎಬ್ಬಿಸಿ ಮರ ಉರುಳಿಸಿದರು. ಹಾಡಹಗಲಲ್ಲಿ ದಿಕ್ಕೆಟ್ಟು ಹಾರಿದ ತಾಯಂದಿರು, ನೆಲಕ್ಕೆ ಬಿದ್ದ ಮರಿಗಳು... ಟೀಚರ್ ನಮ್ಮನ್ನು ದೂರ ನಿಲ್ಲಿಸಿ, ಕೈಗೆ ದಪ್ಪ ಗೋಣಿ ಸುತ್ತಿಕೊಂಡು, ಬದುಕಿದ್ದ ಮರಿಗಳನ್ನು ತಾಯಂದಿರು ಬಂದು ಒಯ್ಯಲೆಂದು ಪಕ್ಕದ ಮಾವಿನ ಮರಕ್ಕೆ ತಗುಲಿಸಿದರು. ಅದಕ್ಕೂ ದೂರು ಹೋಯಿತು, ಮೇಡಂ ಶಾಲೆಗೆ ರೋಗ ತರುತ್ತಾರೆಂದು. ಬೇಸಿಗೆ ರಜೆ ಮುಗಿಸಿ ಬಂದಾಗ ಅವರಿಗೆ ವರ್ಗವಾಗಿತ್ತು. ನಮ್ಮೂರಲ್ಲಿ ಆ ಜ್ವರ ಯಾರಿಗೂ ಬಂದಿರಲಿಲ್ಲ.

ಅವರು ತೀರಿಕೊಂಡದ್ದು ಈ ವರ್ಷ. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಭಾಷಣಕ್ಕೆ ನಿಂತವರು ಅದೇ ಅಧ್ಯಕ್ಷರು, ಈಗ ಮಾಜಿ. "ಮೇಡಮ್ಮೋರು ಪ್ರಾಣಿ ಪಕ್ಷಿ ಅಂದ್ರೆ ಜೀವ ಬಿಡೋರು," ಎಂದರು.

ನಾನು ಎದ್ದು, "ಮರ ಕಡಿಸಿದ್ದು ಯಾರು ಅಂತಾನೂ ಹೇಳಿ," ಎಂದೆ.

"ಹಳೇದೆಲ್ಲ ಯಾಕವ್ವ ಈಗ? ಕೂತ್ಕೋ."

ಕೂರಲಿಲ್ಲ. ಅಷ್ಟರಲ್ಲಿ ಮೌನಾಚರಣೆ ಎಂದು ಮೈಕಿನಲ್ಲಿ ಹೇಳಿದರು. ಎಲ್ಲರೂ ತಲೆ ತಗ್ಗಿಸಿ ನಿಂತರು. ಟೀಚರ್ ಪರವಾಗಿ ಒಂದು ಮಾತು ಬೇಕಿದ್ದ ದಿನವೂ ಇವರೆಲ್ಲ ಹೀಗೇ ಸುಮ್ಮನಿದ್ದರಲ್ಲ... ನಾನು ಹೊರಗೆ ನಡೆದೆ. ಮರವಿದ್ದಲ್ಲಿ ಈಗ ಬೈಕು ನಿಲ್ಲಿಸುತ್ತಾರೆ. ಟೀಚರ್ ಇಲ್ಲ. ಅವರಿಗೆ ಆದದ್ದು ಅನ್ಯಾಯ ಎಂದು ನಮ್ಮೂರಲ್ಲಿ ಇವತ್ತಿಗೂ ಯಾರೂ ಹೇಳಿಲ್ಲ.