ಹನ್ನೆರಡು ಕೆಂಪು ಬುಟ್ಟಾ

ಬಟ್ಟೆ ವ್ಯಾಪಾರದಲ್ಲಿ ದಾಗಿ ಮಾಲು ಎಂದರೆ ಕಲೆ ಬಿದ್ದ ಮಾಲು. ಸುತ್ತಿಟ್ಟ ಬಟ್ಟೆಯ ಥಾನಿನ ಒಂದು ಮೂಲೆಗೆ ಎಣ್ಣೆ ತಾಗಿದರೂ ಇಡೀ ಥಾನಿನ ದರ ಇಳಿಯುತ್ತದೆ. ಬಸವಕಲ್ಯಾಣದಲ್ಲಿ ಇಪ್ಪತ್ತೆಂಟು ವರ್ಷ ಅಂಗಡಿ ನಡೆಸಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಕಲೆಗಿಂತ ಕಲೆಯ ಸುದ್ದಿ ಬೇಗ ಹಬ್ಬುತ್ತದೆ, ಮತ್ತು ಯಾವ ಸಾಬೂನಿಗೂ ಅದು ಹೋಗುವುದಿಲ್ಲ.

ಅಂಗಡಿಯ ಪಕ್ಕದ ಚಿಕ್ಕ ಖೋಲಿಯಲ್ಲಿ ಆಮ್ರಪಾಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ತವರು ಮುಡಬಿ, ವಯಸ್ಸು ಮೂವತ್ತಾರು, ಕತ್ತರಿಗಿಂತ ನಾಲಿಗೆ ಒಂದು ತೂಕ ಚೂಪು. ಖೋಲಿಗೆ ನಾನು ಬಾಡಿಗೆ ಕೇಳಿಲ್ಲ. ರವಿಕೆಗೆಂದು ಜಂಪರ್ ಪೀಸ್ ಕೊಂಡ ಹೆಂಗಸು ಅಲ್ಲೇ ಅಳತೆ ಕೊಟ್ಟು ಹೋದರೆ ಮುಂದಿನ ಸಲವೂ ನನ್ನ ಅಂಗಡಿಗೇ ಬರುತ್ತಾಳೆ. ಊರವರು ಇದನ್ನು ನನ್ನ ದೊಡ್ಡ ಗುಣ ಎನ್ನುತ್ತಾರೆ. ನಾನು ಅವರನ್ನು ತಿದ್ದಲು ಹೋಗಿಲ್ಲ.

ಮೂರು ವರ್ಷದ ಹಿಂದೆ ಆಕೆಯ ಬಲಗಣ್ಣಿಗೆ ಮಂಜು ಕವಿಯಿತು. ದಾರ ಪೋಣಿಸಲು ಕೂತರೆ ಸೂಜಿಯ ಕಣ್ಣೇ ಕಾಣದು. ಕಾಲು ಜೋಮು ಹಿಡಿದು, ಮಷಿನ್ನಿನ ಪೆಡಲನ್ನು ಬಗ್ಗಿ ನೋಡಿಯೇ ತುಳಿಯಬೇಕಾಯಿತು. ಹೈದರಾಬಾದಿನ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಆಕೆಯ ಗಂಡ ಅಜೀತ ಹುಮನಾಬಾದಿಗೂ ನಮ್ಮೂರಿಗೂ ನಡುವೆ ಆಟೋ ಓಡಿಸುವವನು. ಅವನು ನನಗೆ ಬಿಡಿಸಿ ಹೇಳಿದ: "ತಲ್ಯಾಗಿಂದ ಬರೋ ವೈರಿನ ಮ್ಯಾಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಕಿತ್ತದ್ರಿ ಸಾವ್ಕಾರ್ರ. ಅದಕ್ಕ ಲೈಟ್ ಮಿಣುಕ್ತದ." ಡಾಕ್ಟರು ಅರ್ಧ ತಾಸು ಹೇಳಿದ್ದೂ ಇದನ್ನೇ ಇರಬೇಕು.

ಕಣ್ಣು ಮರಳಿತು. ಕಾಲೂ ಹೆಚ್ಚುಕಡಿಮೆ ಮರಳಿತು. ಮತ್ತೆ ಹೋಗದಿರಲೆಂದು ವಾರಕ್ಕೆ ಮೂರು ಸೂಜಿ: ಸೋಮವಾರ, ಬುಧವಾರ, ಶುಕ್ರವಾರ. ಔಷಧ ಹುಮನಾಬಾದಿನ ಮೆಡಿಕಲ್ ಅಂಗಡಿಗೆ ಬರುತ್ತದೆ. ಅಜೀತ ಅದನ್ನು ತಣ್ಣನೆಯ ಡಬ್ಬಿಯಲ್ಲಿಟ್ಟು ತರುತ್ತಾನೆ. ಒಮ್ಮೆ ಆಟೋ ಹತ್ತಿದ ನಿರ್ಣಾ ಊರಿನ ಮುದುಕನೊಬ್ಬ ದಾರಿಯುದ್ದಕ್ಕೂ ಡಬ್ಬಿಯನ್ನೇ ನೋಡಿ, ಇಳಿಯುವಾಗ "ಕುಲ್ಫಿ ಹ್ಯಾಂಗ ಕೊಟ್ಟಿಯಪಾ?" ಎಂದು ಕೇಳಿದನಂತೆ. ಅಂಗಡಿಯ ಮೇಲೇ ನನ್ನ ಮನೆ. ಅಲ್ಲಿನ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲಿ ಆ ಡಬ್ಬಿಗೊಂದು ಜಾಗ. ತಣ್ಣಗಿದ್ದಾಗಲೇ ಚುಚ್ಚಿಕೊಂಡರೆ ಉರಿ ಹೆಚ್ಚು. ಹಾಗಾಗಿ ಹೊರಗೆ ತೆಗೆದಿಟ್ಟು ಒಂದು ಜಂಪರಿನ ಹೆಮ್ಮಿಂಗ್ ಮುಗಿಯುವಷ್ಟು ಹೊತ್ತು ಕಾಯುತ್ತಾಳೆ. ಆಕೆಯ ಗಡಿಯಾರ ಅದೇ.

ಸೂಜಿಯ ನೋವಿಗಿಂತ ಅದರ ಹಿಂದೆ ಬರುವುದು ಕಷ್ಟ. ಚುಚ್ಚಿದ ಜಾಗ ಐದು ರೂಪಾಯಿ ನಾಣ್ಯದಷ್ಟು ಕೆಂಪಗೆ ಉಬ್ಬುತ್ತದೆ. ಎರಡು ದಿನ ಬಿಸಿ, ತುರಿಕೆ. ತಿಕ್ಕುವಂತಿಲ್ಲ. ಒಳಗೆ ಶರ್ಟಿನ ಗುಂಡಿಯಷ್ಟು ಗಟ್ಟಿ ಗಂಟು ನಿಲ್ಲುತ್ತದೆ. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಚುಚ್ಚಿದರೆ ಒಳಗಿನ ಕೊಬ್ಬು ಕರಗಿ ಕುಳಿಯೂ ಬೀಳಬಹುದು. ಅದಕ್ಕೇ ಜಾಗ ಬದಲಿಸುತ್ತಿರಬೇಕೆಂದು ಹೇಳಿ ನರ್ಸ್ ಒಂದು ಚಿತ್ರ ಕೊಟ್ಟಿದ್ದಳು. ಅದರಲ್ಲಿ ಒಬ್ಬ ಬೋಳುತಲೆಯ ಗಂಡಸು ಕೈ ಅಗಲಿಸಿ ನಿಂತಿದ್ದ.

"ಇವನ ಮೈ ತಗೊಂಡು ನಾ ಏನ್ ಮಾಡ್ಲಿ?" ಎಂದು ಆಮ್ರಪಾಲಿ ಅವನನ್ನು ಮಡಚಿ ಮಷಿನ್ನಿನ ಕೆಳಗೆ ಹಾಕಿದಳು. ತನ್ನದೇ ಅಳತೆ ತೆಗೆದು ಬಟ್ಟೆ ಕತ್ತರಿಸುವ ಮುನ್ನ ದರ್ಜಿಗಳು ಮಾಡುವಂಥ ಪೇಪರ್ ಕಟಿಂಗ್ ಒಂದನ್ನು ಕಂದು ಕಾಗದದಲ್ಲಿ ಮಾಡಿದಳು. ಎರಡು ತೋಳು, ಹೊಟ್ಟೆ, ಸೊಂಟ, ಕೆಳಗೆ ಮೊಣಕಾಲಿನವರೆಗೆ ತೊಡೆ. ಟೇಪ್ ಹಿಡಿದು ಹನ್ನೆರಡು ಕಡೆ ಕೆಂಪು ಪೆನ್ಸಿಲ್ಲಿನ ಚುಕ್ಕಿ, ಚುಕ್ಕಿಗೊಂದು ನಂಬರು. ಒಂದನೆಯ ಚುಕ್ಕಿಗೆ ಮತ್ತೆ ಬರಲು ನಾಲ್ಕು ವಾರ. ಆ ಕಾಗದವನ್ನು ಗಿರಾಕಿಗಳ ಪೇಪರ್ ಕಟಿಂಗ್‌ಗಳ ನಡುವೆಯೇ ಮೊಳೆಗೆ ಸಿಕ್ಕಿಸಿದಳು. ತೋಳಿನ ಹಿಂಭಾಗ ತನ್ನ ಕೈಗೆ ಎಟುಕದು. ಅಜೀತನಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ಹಾಗಾಗಿ ಎದುರಿನ ಬಳೆ ಅಂಗಡಿಯ ಫಕ್ರುನ್ನೀಸಾ ಬರುತ್ತಾಳೆ. ಮೂವತ್ತು ವರ್ಷದಿಂದ ಊರಿನ ಹೆಂಗಸರ ಕೈ ಹಿಡಿದವಳು. ನೋವಾಗುವ ಮೊದಲೇ ಮಾತಿಗೆಳೆಯುವುದು ಆಕೆಯ ಕಸುಬು.

ಈ ವರ್ಷ ಲಗ್ನದ ಸೀಜನ್ ಶುರುವಾಗುವ ಹೊತ್ತಿಗೆ ಎಡವಟ್ಟಾಯಿತು. ಅಳತೆ ತೆಗೆಯಲು ಕೈ ಎತ್ತಿದಾಗ ಗಿರಾಕಿಯೊಬ್ಬಳು ಆಕೆಯ ತೋಳಿನ ಮೇಲಿನ ದುಂಡನೆಯ ಕೆಂಪು ಕಲೆಗಳನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಅದು ಗಜಕರ್ಣವಾಗಿತ್ತು. ಸಂಜೆ ಕೊಹಿನೂರ ಹಳ್ಳಿಯ ಬಸ್ಸು ಬಿಡುವಾಗ, ಆಕೆ ಹೊಲಿದ ಜಂಪರ್ ತೊಟ್ಟರೆ ಮೈಗೆಲ್ಲ ಹತ್ತುತ್ತದೆ ಎಂಬಲ್ಲಿಗೆ ಬಂದಿತ್ತು.

ಆಮ್ರಪಾಲಿ ಉದ್ದ ತೋಳಿನ ಜಂಪರ್ ಹೊಲಿದು ತೊಟ್ಟಳು. ನಮ್ಮ ಕಡೆಯ ಬಿಸಿಲಲ್ಲಿ ಮಣಿಕಟ್ಟಿನವರೆಗೆ ಬಟ್ಟೆ ತೊಟ್ಟವರು ಏನನ್ನೋ ಮುಚ್ಚಿಡುತ್ತಿದ್ದಾರೆಂದೇ ಲೆಕ್ಕ. ಇದ್ದ ನಾಲ್ಕು ಗಿರಾಕಿಗಳೂ ಹೋದರು. ಆಮೇಲೆ ಕಾಗದದ ಮೇಲಿನ ತೋಳಿನ ನಾಲ್ಕು ಚುಕ್ಕಿಗಳ ಮೇಲೆ ಗೀಟು ಎಳೆದು, ಎಲ್ಲವನ್ನೂ ತೊಡೆಗೇ ಚುಚ್ಚಿಕೊಳ್ಳತೊಡಗಿದಳು. ತೊಡೆ ಗಂಟುಗಟ್ಟಿತು. ಪೆಡಲ್ ತುಳಿದರೆ ಹಲ್ಲು ಕಚ್ಚಬೇಕು.

ಒಂದು ಶನಿವಾರ ಫ್ರಿಜ್ ತೆರೆದವನಿಗೆ ಆ ವಾರದ ಮೂರೂ ಸೂಜಿ ಹಾಗೇ ಇದ್ದದ್ದು ಕಂಡಿತು. ಖೋಲಿಗೆ ಹೋದೆ. ಕೆಲಸವಿಲ್ಲದೆ ಖಾಲಿ ಮಷಿನ್ನಿಗೆ ಎಣ್ಣೆ ಬಿಡುತ್ತ ಕೂತಿದ್ದಳು.

"ಯಾಕ ತಂಗಿ, ಸೂಜಿ ಬಿಟ್ಟೀ?"

"ಸೀಜನ್ ಮುಗೀಲ್ರಿ. ಆಮ್ಯಾಲ ನೋಡೋಣಂತ. ದಾಗಿ ಮಾಲು ಯಾರು ತಗೋತಾರ, ನೀವೇ ಹೇಳ್ರಿ."

"ನಾ ಎಷ್ಟು ದಾಗಿ ಮಾಲು ಮಾರಿಲ್ಲ?"

"ಮಾರೀರಿ. ದಾಗ ಒಳಮಡಿಕಿಗೆ ಹಾಕಿ ಮಾರೀರಿ. ನನ್ನ ಹ್ಯಾಂಗ ಮಡಚ್ತೀರಿ?"

"ಕಣ್ಣು ಮತ್ತ ಹೋದ್ರ?" ಎಂದೆ.

ಆಕೆ ಎಣ್ಣೆಯ ಡಬ್ಬಿ ಕೆಳಗಿಟ್ಟಳು. "ಸೂಜಿ ಹಾಕ್ಕೊಂಡ್ರ ಗಿರಾಕಿ ಹೋಗ್ತಾವ. ಬಿಟ್ರ ಕಣ್ಣು ಹೋಗ್ತದ. ಎರಡರಾಗ ಯಾವುದು ಸಸ್ತಾ, ನೀವ್ ವ್ಯಾಪಾರಸ್ಥರು, ಹೇಳ್ರಿ." ನಗುತ್ತಲೇ ಕೇಳಿದಳು. ಆದರೆ ಕೇಳಿದ ಮೇಲೆ ಮುಖ ಆ ಕಡೆ ತಿರುಗಿಸಿದಳು.

ಸೋಮವಾರ ಕೊಹಿನೂರಿನ ಸೂಗಮ್ಮ ಬಂದರು. ಎಪ್ಪತ್ತರ ಹೆಂಗಸು, ನೀರಾವರಿಯ ಹೊಲ, ಇಡೀ ಊರಿಗೆ ಕೇಳುವ ಗಂಟಲು. ಜೊತೆಗೆ ಬಂದಿದ್ದ ಮೊಮ್ಮಗಳು ಐಶ್ವರ್ಯಳ ಲಗ್ನದ ಬಟ್ಟೆ ಆಗಬೇಕಿತ್ತು. ಬಟ್ಟೆ ನನ್ನ ಕಡೆ, ಹೊಲಿಗೆ ಹುಮನಾಬಾದಿನಲ್ಲಿ ಎಂದು ಬಂದ ಕೂಡಲೇ ಹೇಳಿದರು. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಅಂಗಡಿಯ ಫ್ಯಾನ್ ಅವತ್ತೇ ಕೆಟ್ಟಿತ್ತು. ಸೂಗಮ್ಮ ಸೆಕೆಗೆ ತಾಳಲಾರದೆ ಆಮ್ರಪಾಲಿಯ ಖೋಲಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಏನನ್ನೂ ಮುಟ್ಟದೆ ಕೂತರು. ಕೂತವರ ಕಣ್ಣು ಗೋಡೆಗೆ ಹೋಯಿತು.

"ಏ ಬಸವಣಪ್ಪ!" ಎಂದು ನನ್ನನ್ನು ಕೂಗಿದರು. "ಬಾ ಇಲ್ಲಿ. ಆ ಡ್ರೆಸ್ ಯಾರದು?"

ಮೊಳೆಯ ಮೇಲೆ ತೂಗುತ್ತಿದ್ದ ಹನ್ನೆರಡು ಚುಕ್ಕಿಯ ಕಾಗದವನ್ನು ಅವರು ತೋರಿಸುತ್ತಿದ್ದರು.

"ನೋಡು ಐಶ್ವರ್ಯ, ಬುಟ್ಟಾ ಅಂದ್ರ ಹಿಂಗಿರಬೇಕು. ದೂರ ದೂರ, ಒಂದರ ಮ್ಯಾಲ ಒಂದು ಬಂದಿಲ್ಲ. ಈಗಿನವ್ರು ಸಾಸಿವಿ ಚೆಲ್ಲಿದಂಗ ಚೆಲ್ತಾರ. ಹಳದಿ ಶಾಸ್ತ್ರಕ್ಕ ಇದೇ ಇರ್ಲಿ. ಬಸವಣಪ್ಪ, ಎಷ್ಟು ಅರಿವಿ ಬೇಕು?"

ನನಗೆ ಆ ಕಾಗದ ಏನೆಂದು ಚೆನ್ನಾಗಿ ಗೊತ್ತಿತ್ತು. "ಮೂರು ಮೀಟರ್ ಆಗ್ತದ್ರಿ," ಎಂದೆ.

ಸೂಗಮ್ಮ ಕನ್ನಡಕ ಏರಿಸಿದರು. "ಆದ್ರ ತೋಳಿನ ಬುಟ್ಟಾ ಯಾಕ ಗೀಟು ಹೊಡದು ತಗದೀರಿ? ತೋಳು ಬೋಳ ಬೋಳ ಕಾಣ್ತದ. ಏನವಾ, ತೋಳಿನವು ಇರಬೇಕು ನೋಡು. ತೋಳಿನವೇ ಅದಕ್ಕ ಕಳೆ."

ಆಮ್ರಪಾಲಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಸಾಲದಾಯಿತು. ಮಷಿನ್ನಿನ ಮೇಲೆ ಬಾಗಿ ಬಿದ್ದು ನಕ್ಕಳು. ಎದುರಿನಿಂದ ಫಕ್ರುನ್ನೀಸಾ, "ಕ್ಯಾ ಹುವಾ?" ಎನ್ನುತ್ತ ಬಳೆ ಹಿಡಿದ ಕೈಯಲ್ಲೇ ಓಡಿ ಬಂದಳು.

"ಅವ್ವಾರ," ಎಂದಳು ಆಮ್ರಪಾಲಿ ಕಣ್ಣೊರೆಸಿಕೊಂಡು, "ಅದು ಡ್ರೆಸ್ ಅಲ್ರಿ. ನಾನು."

ಎಲ್ಲ ಹೇಳಿದಳು. ಕಣ್ಣು, ಕಾಲು, ವಾರಕ್ಕೆ ಮೂರು ಸೂಜಿ. ಕೊನೆಗೆ ಒಂದು ಕ್ಷಣ ನನ್ನ ಕಡೆ ನೋಡಿ, ಉದ್ದ ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಚಿದಳು. ಹಳೆಯ ಕಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು.

ಸೂಗಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಮುಟ್ಟುವುದಿಲ್ಲವೆಂದು ಕೂತಿದ್ದವರು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಇದಕ್ಕ ಗಜಕರ್ಣ ಅಂದ ಮೂಳಿ ಯಾರು? ನಮ್ಮ ಆಕಳ ಕರಕ್ಕ ಆಗಿತ್ತು ಗಜಕರ್ಣ. ಅದರ ಅಂಚು ಹುರುಪಿ ಹುರುಪಿ ಇರ್ತದ, ದಿನಾ ಅಗಲ ಆಗ್ತದ. ಇದು ಸೂಜಿ ಗಂಟು. ನನಗ ಗೊತ್ತಿಲ್ಲೇನು?"

"ನಿಮಗ ಹ್ಯಾಂಗ ಗೊತ್ತ್ರಿ?" ಎಂದಳು ಆಮ್ರಪಾಲಿ.

ಸೂಗಮ್ಮ ನನ್ನನ್ನು ನೋಡಿ, "ನೀ ಆ ಕಡೆ ತಿರುಗು," ಎಂದರು. ನಾನು ತಿರುಗಿದೆ. ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರಂತೆ. ನೆನಪಿರಲೆಂದು ದಿನಾ ಹೊಕ್ಕುಳಿನ ಬಲಕ್ಕೆ, ಅದೇ ಜಾಗಕ್ಕೆ. ಅಲ್ಲಿ ಈಗ ನಿಂಬೆಹಣ್ಣಿನಷ್ಟು ಗಂಟು.

"ಅಯ್ಯ ಅವ್ವಾರ! ಗಂಟಿನಾಗ ಚುಚ್ಚಿದ್ರ ಔಷಧ ಸರಿಯಾಗಿ ಹತ್ತಂಗಿಲ್ಲಂತ್ರಿ," ಎಂದಳು ಆಮ್ರಪಾಲಿ. "ನಮ್ಮ ನರ್ಸಬಾಯಿ ಹೇಳ್ಯಾಳ. ಮೊದಲ ಡಾಕ್ಟರಿಗೆ ತೋರಸ್ರಿ."

"ತೋರಸ್ತೀನಿ. ಮೊದಲ ನೀ ನನಗೂ ಇಂಥದ್ದೊಂದು ಕಾಗದ ಕತ್ತರಿಸು. ಎಲ್ಲಿ ಬುಟ್ಟಾ ಇಡಬೇಕಂತ ಅವರ ಕಡೆ ಗುರುತು ಮಾಡಿಸ್ಕೋತೀನಿ."

"ನಿಮಗ ಕಾಗದ ಜಾಸ್ತಿ ಬೇಕಾಗ್ತದ್ರಿ."

"ಬಾಯಿ ಮುಚ್ಚು. ಅಳತಿ ತಗೋ."

ಆಮ್ರಪಾಲಿ ಟೇಪ್ ಕೈಗೆತ್ತಿಕೊಂಡಳು. ಇಪ್ಪತ್ತು ದಿನದ ನಂತರ ಆ ಖೋಲಿಯಲ್ಲಿ ಒಬ್ಬರ ಅಳತೆ ಆಯಿತು, ಬೆನ್ನಿಗೇ ಐಶ್ವರ್ಯಳದು. ಲಗ್ನದ ಹನ್ನೊಂದು ಜಂಪರೂ ಅಲ್ಲೇ ಉಳಿದವು. ಹಳದಿಯ ಡ್ರೆಸ್ಸಿಗೆ ಹನ್ನೆರಡು ಕೆಂಪು ಬುಟ್ಟಾ, ಕಾಗದದಲ್ಲಿದ್ದ ಹಾಗೆಯೇ.

ಸೂಗಮ್ಮ ಬಸ್ಸು ಹತ್ತಿದ ಮೇಲೆ ಆಮ್ರಪಾಲಿ ಹೈದರಾಬಾದಿನ ನರ್ಸಿಗೆ ಫೋನ್ ಮಾಡಿದಳು. ತಪ್ಪಿಸಿದ್ದಕ್ಕೆ ಚೆನ್ನಾಗಿ ಬೈಸಿಕೊಂಡಳು. ಬಿಟ್ಟುಹೋದದ್ದನ್ನು ಸೇರಿಸಿ ಚುಚ್ಚಿಕೊಳ್ಳಬೇಡ, ಇವತ್ತಿನ ಒಂದನ್ನು ತಗೊಂಡು ಮುಂದುವರಿ ಎಂದಳಂತೆ ನರ್ಸ್. ನಾನು ಮೇಲೆ ಹೋಗಿ ಫ್ರಿಜ್ಜಿನಿಂದ ಡಬ್ಬಿ ತಂದೆ. ಒಂದು ಜಂಪರಿನ ಹೆಮ್ಮಿಂಗ್ ಮುಗಿಯುವಷ್ಟು ಹೊತ್ತು ಅದು ಮೇಜಿನ ಮೇಲಿತ್ತು. ಆಮ್ರಪಾಲಿ ರಬ್ಬರ್ ತಗೊಂಡು ಕಾಗದದ ತೋಳಿನ ಮೇಲಿನ ಗೀಟುಗಳನ್ನು ಅಳಿಸಿದಳು. ಕಾಗದ ಒಂದು ಕಡೆ ಸ್ವಲ್ಪ ಹರಿಯಿತು.

"ಆಪಾ, ಒಂದನೇ ನಂಬರ್, ಎಡಗಡೆ ತೋಳು," ಎಂದು ಕೂಗಿದಳು. ಫಕ್ರುನ್ನೀಸಾ ಬಂದು ಖೋಲಿಯ ಪರದೆ ಇಳಿಸಿ, ಅದರ ಆಚೆ ಯಾರದೋ ಮನೆಯ ಜಗಳದ ಸುದ್ದಿ ಶುರುಮಾಡಿದಳು. ಸುದ್ದಿ ರಂಗೇರುವಷ್ಟರಲ್ಲಿ ಸೂಜಿ ಮುಗಿದಿತ್ತು.

ಸೂಗಮ್ಮನ ಗಂಟಲು ತನ್ನ ಕೆಲಸ ಮಾಡಿತು. ಆ ಸುದ್ದಿಯೂ ಬಸ್ಸಿನಲ್ಲೇ ಹೋಗಿ, ಬಸ್ಸಿನಲ್ಲೇ ಮರಳಿ ಬಂತು. ಈಗ ಸಕ್ಕರೆ ಕಾಯಿಲೆಯ ಹೆಂಗಸರು ಪೇಪರ್ ಕಟಿಂಗ್ ಕತ್ತರಿಸಿಕೊಳ್ಳಲು ಬರುತ್ತಾರೆ. ಆಮ್ರಪಾಲಿ ಕಾಗದವನ್ನಷ್ಟೇ ಕತ್ತರಿಸುತ್ತಾಳೆ. "ಚುಕ್ಕಿ ಡಾಕ್ಟರಿಂದ," ಎನ್ನುತ್ತಾಳೆ. ಬಂದವರು ಬರಿಗೈಲಿ ಹೋಗಬಾರದೆಂದು ಒಂದು ಜಂಪರ್ ಪೀಸೂ ಕೊಳ್ಳುತ್ತಾರೆ. ಇದನ್ನೂ ನಾನು ತಿದ್ದಲು ಹೋಗಿಲ್ಲ.

ಕೆಂಪು ಗಂಟು ಈಗಲೂ ಏಳುತ್ತದೆ, ತುರಿಸುತ್ತದೆ. ಆದರೆ ಜಂಪರಿನ ತೋಳು ಮತ್ತೆ ಗಿಡ್ಡವಾಗಿದೆ. ಮೊನ್ನೆ ಸೋಮವಾರ ಖೋಲಿಯ ಪರದೆ ಇಳಿದಿತ್ತು. ಹೊರಗೆ ಮೂವರು ಹೆಂಗಸರು ಕಾಯುತ್ತಿದ್ದರು.

"ಇವತ್ತ ಎಷ್ಟನೇ ಬುಟ್ಟಾ?" ಎಂದು ಒಬ್ಬಳು ಕೂಗಿ ಕೇಳಿದಳು.

"ಏಳು! ಬಲಗಡೆ ತೊಡಿ!" ಎಂದಳು ಒಳಗಿನಿಂದ ಆಮ್ರಪಾಲಿ.

"ಹಂಗಾರ ಪೆಡಲ್ ಜರಾ ಮೆಲ್ಲಕ ತುಳಿ. ನನ್ನ ಜಂಪರ್ ಶುಕ್ರವಾರ ಕೊಟ್ರೂ ನಡೀತದ."