ಹರಪನಹಳ್ಳಿ ಬೇರೆ ಜಿಲ್ಲೆಗೆ ಹೋದ ವರ್ಷ

ತಂಬ್ರಹಳ್ಳಿಯ ಹೈಸ್ಕೂಲಿನಲ್ಲಿ ನಾನು ಓದುವಾಗ ನಮಗೊಬ್ಬ ಪಿ.ಟಿ. ಸರ್ ಇದ್ದರು. ಕೊಟ್ಟೂರಿನವರು. ಬೆಳಿಗ್ಗೆ ಬಸ್ಸಿಳಿದು, ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು, ಅಲ್ಲಿಯ ಪೇಪರಿನಿಂದ ಆಟದ ಪುಟವೊಂದನ್ನು ಕೇಳಿ ಪಡೆದು, ಮಡಚಿ ಜೇಬಿಗಿಟ್ಟುಕೊಂಡು ಶಾಲೆಗೆ ಬರುತ್ತಿದ್ದರು. ಊರಿನ ಹುಡುಗರಿಗೆಲ್ಲ ಕ್ರಿಕೆಟ್ ಹುಚ್ಚು. ಸರ್‌ಗೆ ಮಾತ್ರ ಲಾಂಗ್ ಜಂಪ್, ಅದರಲ್ಲೂ ಅಮೆರಿಕದ ಒಬ್ಬ ಆಟಗಾರ.

ಆ ಆಟಗಾರನ ಕಥೆಯನ್ನು ಡ್ರಿಲ್ ಪಿರಿಯಡ್‌ನಲ್ಲಿ ಎಷ್ಟು ಸಲ ಕೇಳಿದ್ದೆವೋ ಲೆಕ್ಕವಿಲ್ಲ. ಅವನು ಚೆನ್ನಾಗಿಯೇ ಹಾರುತ್ತಿದ್ದನಂತೆ. ಆದರೆ ಅವನ ದೇಶದಲ್ಲೇ, ಅವನ ಕಾಲದಲ್ಲೇ, ಅವನಿಗಿಂತ ಚೆನ್ನಾಗಿ ಹಾರುವ ಇನ್ನೊಬ್ಬನಿದ್ದ. ಹೀಗಾಗಿ ವರ್ಷಗಟ್ಟಲೆ ಇವನಿಗೆ ಎರಡನೆಯ ಸ್ಥಾನವೇ ಗತಿ. ಕೊನೆಗೊಂದು ದಿನ ಜಪಾನಿನಲ್ಲಿ ನಡೆದ ದೊಡ್ಡ ಕೂಟದಲ್ಲಿ, ಲೋಕದಲ್ಲಿ ಅಲ್ಲಿಯವರೆಗೆ ಯಾರೂ ಹಾರದಷ್ಟು ದೂರ ಹಾರಿಬಿಟ್ಟ. ಇಷ್ಟು ಹೇಳಿ ಸರ್ ನಮ್ಮ ಮುಖ ನೋಡುತ್ತಿದ್ದರು. ಆಮೇಲೇನಾಯಿತು ಎಂದು ಯಾರಾದರೂ ಕೇಳಿದರೆ, ಮರುವರ್ಷದ ಒಲಿಂಪಿಕ್ಸಿನಲ್ಲಿ ಮತ್ತೆ ಎರಡನೆಯವನಾದ ಎಂದು ಒಪ್ಪಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು.

ನಾನು ಹಾರುವವಳಾಗಿದ್ದು ನಳದ ಪೈಪಿಗಾಗಿ ತೋಡಿದ ಕಾಲುವೆಯಿಂದ. ಶಾಲೆಯ ಮುಂದೆ ಅಗೆದು ಹಾಗೇ ಬಿಟ್ಟಿದ್ದರು, ಅದರಲ್ಲಿ ಮಳೆ ನೀರು ನಿಂತಿತ್ತು. ಹುಡುಗಿಯರೆಲ್ಲ ಸುತ್ತಿ ಬಳಸಿ ಹೋಗುತ್ತಿದ್ದರು. ಪ್ರಾರ್ಥನೆಗೆ ತಡವಾಗಿದ್ದ ನಾನು ಚೀಲದ ಸಮೇತ ಹಾರಿ ದಾಟಿದೆ. ಗೇಟಿನ ಹತ್ತಿರ ನಿಂತಿದ್ದ ಸರ್ ಕರೆದರು. ಪೆಟ್ಟು ಬಿತ್ತು ಎಂದುಕೊಂಡೇ ಹೋದೆ.

"ಇನ್ನೊಮ್ಮಿ ಹಾರು," ಅಂದರು.

ಹಾರಿದೆ.

"ಚೀಲ ತಗದಿಟ್ಟು ಹಾರವಾ."

ಆ ಸಂಜೆಯೇ ಅವರು ನಮ್ಮ ಹಿಟ್ಟಿನ ಗಿರಣಿಗೆ ಬಂದರು. ಅಪ್ಪ ಜೋಳ ಬೀಸುತ್ತಿದ್ದ. ಬೆಲ್ಟಿನ ಸದ್ದಿನಲ್ಲಿ ಇಬ್ಬರೂ ಕೂಗಿ ಕೂಗಿ ಮಾತಾಡಿದ್ದರಿಂದ ನನ್ನ ಕಾಲಿನ ಗುಣ ಓಣಿಗೆಲ್ಲ ತಿಳಿಯಿತು. ಅವಳವ್ವನನ್ನು ಕೇಳ್ರಿ ಎಂದು ಅಪ್ಪ ಕೈ ತೊಳೆದುಕೊಂಡ. ಅವ್ವ ಯೋಚಿಸಿ ಎರಡು ಷರತ್ತು ಹಾಕಿದಳು: ಕತ್ತಲಾಗುವುದರೊಳಗೆ ಮನೆಗೆ ಬರಬೇಕು, ಚೂಡಿದಾರ ತೊಟ್ಟೇ ಹಾರಬೇಕು. ಸರ್ ಎರಡಕ್ಕೂ ತಲೆಯಾಡಿಸಿ, ಮೈಮೇಲೆ ಬಿದ್ದ ಹಿಟ್ಟು ಕೊಡವಿಕೊಂಡು ಕೊನೆಯ ಬಸ್ಸಿಗೆ ಓಡಿದರು.

ಶಾಲೆಯ ಹಿಂದೆ ಗುಂಡಿ ತೋಡಿಸಿ, ಹಳ್ಳದಿಂದ ಎರಡು ಬಂಡಿ ಉಸುಕು ತರಿಸಿದೆವು. ಕಾಲಿಟ್ಟು ಜಿಗಿಯುವ ಹಲಗೆ ಕೊಟ್ಟೂರಿನ ಕಟ್ಟಿಗೆ ಅಡ್ಡೆಯದು. ರೈಲು ಹಳಿಯ ಕೆಳಗಿದ್ದ ಹಳೆಯ ಮರವಂತೆ. ಉಸುಕು ತಂಪಾಗಿದೆ ಎಂದು ಊರಿನ ಮೇಕೆಗಳಿಗೆ ಬೇಗ ಗೊತ್ತಾಯಿತು. ದಿನಾ ಅವನ್ನೆಬ್ಬಿಸಿ ಓಡಿಸಿ, ಹಿಕ್ಕೆ ಆರಿಸಿ ಒಗೆದ ಮೇಲೆಯೇ ನನ್ನ ಅಭ್ಯಾಸ.

ತಾಲೂಕಿನಲ್ಲಿ ಸುಲಭವಾಗಿ ಗೆದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಹಾಗೆ ಹುಚ್ಚು ಹತ್ತಿದ ಹುಡುಗಿಯರು ಬೇರೆ ಇರಲಿಲ್ಲ. ನಮ್ಮ ಬಳ್ಳಾರಿಯ ಜಿಲ್ಲಾ ಕೂಟ ಆ ವರ್ಷ ಕೂಡ್ಲಿಗಿಯಲ್ಲಿ. ಅಲ್ಲಿ ಅವಳನ್ನು ನೋಡಿದೆ. ಹರಪನಹಳ್ಳಿ ತಾಲೂಕಿನ ಬಾಗಳಿಯ ಹುಡುಗಿ. ಎತ್ತರ, ಸಣಕಲು, ಮಡಚಿ ಕಟ್ಟಿದ ಎರಡು ಜಡೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಓಡಿ ಬರುವಾಗ ಹೆಜ್ಜೆಯ ಸದ್ದೇ ಕೇಳಿಸುತ್ತಿರಲಿಲ್ಲ. ನನಗಿಂತ ಒಂದು ಗೇಣು ಮುಂದೆ ಹೋಗಿ ಬಿದ್ದಳು. ನಾನು ಎರಡನೆಯವಳು.

ಮರುವರ್ಷ ಮಳೆಗಾಲದಲ್ಲಿ ಇನ್ನೊಂದು ಒಲಿಂಪಿಕ್ಸ್ ನಡೆಯಿತು. ಒಂದು ಬೆಳಿಗ್ಗೆ ಸರ್ ಪೇಪರಿನ ಪುಟ ಬಿಚ್ಚಿ ನನಗೊಬ್ಬಳಿಗೇ ತೋರಿಸಿದರು. ಅವರ ಅಮೆರಿಕದವನು ಉಸುಕಿನಲ್ಲಿ ಬೋರಲಾಗಿ ಬಿದ್ದಿದ್ದ. ಓಡುವಾಗ ನರ ಎಳೆದು ನೋವಾಗಿತ್ತಂತೆ. ಪದಕವೂ ಇಲ್ಲ. ಇಷ್ಟು ವರ್ಷ ಹಾರಿ ಅವನಿಗೆ ಏನು ಸಿಕ್ಕಿತು ಎಂದು ನಾನು ಕೇಳಿದೆ.

"ಕಾಲು ನೋಯತಿತ್ತು. ಹಾರಬ್ಯಾಡ ಅಂತ ಯಾರಾರ ಹೇಳೇ ಇರ್ತಾರ. ಆದ್ರೂ ಓಡಿ ಬಂದಾನ ನೋಡು," ಅಂದು ಸರ್ ಪುಟ ಮಡಚಿದರು.

ನನಗೆ ಆ ಉತ್ತರ ಹಿಡಿಸಲಿಲ್ಲ. ಆ ವರ್ಷದ ಜಿಲ್ಲಾ ಕೂಟ ಹರಪನಹಳ್ಳಿಯಲ್ಲೇ ಇತ್ತು. ಬಾಗಳಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದು ಅವಳ ಹೆಸರು ಹಿಡಿದು ಕೂಗಿದರು. ಈ ಸಲ ಅಂತರ ನಾಲ್ಕು ಬೆರಳಷ್ಟೇ. ಆದರೂ ಎರಡನೆಯದು ಎರಡನೆಯದೇ. ಮನೆಗೆ ಬಂದಾಗ ಅವ್ವ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.

ನಾನು ಹತ್ತನೆಯ ಇಯತ್ತೆಗೆ ಬಂದಾಗ ದಾವಣಗೆರೆ ಹೊಸ ಜಿಲ್ಲೆಯಾಯಿತು. ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತ ಕೂತವರಿಗೆ ದಿನವೂ ಅದೇ ಮಾತು: ಯಾವ ಕಚೇರಿಗೆ ಎಲ್ಲಿಗೆ ಹೋಗಬೇಕು, ಯಾರಿಗೆ ಹತ್ತಿರ, ಯಾರಿಗೆ ದೂರ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದು ಸಂಜೆ ಸರ್ ಏದುಸಿರು ಬಿಡುತ್ತ ಗಿರಣಿಗೆ ಬಂದರು.

"ನಿಮ್ಮ ಮಗಳು ಜಿಲ್ಲಾಕ್ಕ ಫಸ್ಟ್ ಬಂದ್ಲು ನೋಡ್ರಿ," ಅಂದರು ಅಪ್ಪನಿಗೆ.

"ಆಟ ಇನ್ನಾ ಆಗೇ ಇಲ್ಲಲ್ರಿ."

"ಹರಪನಹಳ್ಳಿ ದಾವಣಗೆರಿಗೆ ಹೋತ್ರಿ."

ಕೂತವರೆಲ್ಲ ನಕ್ಕರು. ಬಾಗಳಿಯವಳು ಇನ್ನು ನಮ್ಮ ಜಿಲ್ಲೆಯವಳಲ್ಲ ಎಂದು ಹೊಳೆದು ನಾನೂ ನಕ್ಕೆ. ಆ ರಾತ್ರಿ ಅವ್ವ ಶ್ಯಾವಿಗೆ ಪಾಯಸ ಮಾಡಿದಳು. ಸರ್ಕಾರವೇ ಮುಂದೆ ನಿಂತು ನನ್ನನ್ನು ಗೆಲ್ಲಿಸಿದೆ ಎಂದು ಅಪ್ಪ ಬಂದವರಿಗೆಲ್ಲ ಹೇಳಿದ.

ಕೂಟ ಹಡಗಲಿಯಲ್ಲಿ ನಡೆಯಿತು. ಹೇಳಿದಂತೆಯೇ ಮೊದಲನೆಯವಳಾದೆ. ಆದರೆ ಮೈದಾನದಲ್ಲಿದ್ದಷ್ಟು ಹೊತ್ತೂ ನನ್ನ ಕಣ್ಣು ಗೇಟಿನ ಕಡೆಗೇ ಹೋಗುತ್ತಿತ್ತು. ಆ ಸಣಕಲಿ ಈಗ ಬಂದಾಳು, ಈಗ ಬಂದಾಳು ಅನ್ನಿಸುತ್ತಿತ್ತು. ಸರ್ಟಿಫಿಕೇಟ್ ಹಿಡಿದು ಸರ್ ಹತ್ತಿರ ಹೋದರೆ ಅವರು ಹಿಗ್ಗಿರಲಿಲ್ಲ.

"ಹೋದ ವರ್ಷ ಎರಡನೇದು ಬಂದಾಗ ಇದಕ್ಕಿಂತ ದೂರ ಹಾರಿದ್ದಿ," ಅಂದರು.

ಅದು ನಿಜ ಎಂದು ನನಗೂ ಗೊತ್ತಿತ್ತು. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತೆ. ಇಳಿಯುವಾಗ, ಅವಳ ಜೊತೆ ಮತ್ತೆ ಹಾರಬೇಕಾದರೆ ಏನು ಮಾಡಬೇಕು ಎಂದು ಸರ್ ಅವರನ್ನು ಕೇಳಿದೆ. ದಾವಣಗೆರೆ ಬೇರೆ ವಿಭಾಗಕ್ಕೆ ಸೇರಿದ್ದು. ನಾನು ಗುಲ್ಬರ್ಗಾದಲ್ಲಿ ಗೆಲ್ಲಬೇಕು, ಅವಳು ಬೆಂಗಳೂರಿನ ವಿಭಾಗದಲ್ಲಿ ಗೆಲ್ಲಬೇಕು, ಆಮೇಲೆ ರಾಜ್ಯ ಕೂಟದಲ್ಲಿ ಸಿಗಬಹುದು ಎಂದರು. ಆವತ್ತಿನಿಂದ ನಾನು ಮೇಕೆಗಳಿಗಿಂತ ಮೊದಲೇ ಗುಂಡಿಯಲ್ಲಿರುತ್ತಿದ್ದೆ. ಗುಲ್ಬರ್ಗಾದ ಬಿಸಿಲಲ್ಲಿ ಹೇಗೋ ಗೆದ್ದೆ.

ರಾಜ್ಯ ಕೂಟ ಮೈಸೂರು ಕಡೆ. ಒಂದು ಶಾಲೆಯ ಕೋಣೆಗಳಲ್ಲಿ ಜಮಖಾನೆ ಹಾಸಿ ನಮ್ಮನ್ನೆಲ್ಲ ಮಲಗಿಸಿದ್ದರು. ಬೆಳಿಗ್ಗೆ ನಳದ ಹತ್ತಿರ ಹಲ್ಲುಜ್ಜುತ್ತಿದ್ದೆ, ಪಕ್ಕದಲ್ಲಿ ಅವಳು. ಎರಡು ವರ್ಷ ಒಟ್ಟಿಗೆ ಹಾರಿದ್ದರೂ ನಾವು ಮಾತಾಡಿದ್ದೇ ಇಲ್ಲ. ಅವಳೇ ಮೊದಲು ಬಾಯಿಬಿಟ್ಟಳು.

"ಎಲ್ಲಿಗೆ ಹೋಗಿದ್ದೆ ನೀನು? ದಾವಣಗೆರೆ ಗ್ರೌಂಡಲ್ಲೆಲ್ಲ ಹುಡುಕಿದೆ."

"ನಾನೆಲ್ಲಿಗೂ ಹೋಗಿಲ್ಲವ್ವಾ. ನೀನೇ ಹೋಗಿದ್ದು."

ಬಾಯಲ್ಲಿದ್ದ ನೊರೆ ಉಗುಳಿ ಅವಳು ನಕ್ಕ ನಗೆಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಲ್ಲಿಯ ಊಟ ನಮ್ಮಿಬ್ಬರಿಗೂ ಸೇರುತ್ತಿರಲಿಲ್ಲ. ಅವಳ ಚೀಲದಲ್ಲಿ ಒಣಗಿಸಿದ ಕಟಿ ರೊಟ್ಟಿ, ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿ. ಎರಡೂ ದಿನ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡೆವು.

ಸ್ಪರ್ಧೆಯಲ್ಲಿ ಕ್ರೀಡಾ ಹಾಸ್ಟೆಲಿನ ಹುಡುಗಿಯರು ಮುಳ್ಳಿನ ಬೂಟು ತೊಟ್ಟು ಹಕ್ಕಿಗಳಂತೆ ಹಾರಿದರು. ನಾವಿಬ್ಬರು ಬರಿಗಾಲು. ಪದಕದ ಆಸೆ ಮೊದಲ ಹಾರಿಕೆಗೇ ಹೋಯಿತು; ಉಳಿದದ್ದು ನಮ್ಮಿಬ್ಬರ ಲೆಕ್ಕವಷ್ಟೇ. ಕೊನೆಯ ಹಾರಿಕೆಯಲ್ಲಿ ಹಲಗೆಯ ಮೇಲೆ ಕಾಲು ಸರಿಯಾಗಿ ಕೂತಿತು. ಬಿದ್ದ ಕ್ಷಣವೇ ಗೊತ್ತಾಯಿತು. ಅಳೆದಾಗ ನಾನು ಅವಳಿಗಿಂತ ಎರಡು ಬೆರಳು ಮುಂದೆ. ನನಗೆ ಐದನೆಯ ಸ್ಥಾನ, ಅವಳಿಗೆ ಆರನೆಯದು. ಆ ಮೈದಾನದಲ್ಲಿ ಇದು ಯಾರಿಗೂ ಬೇಕಾದ ಸುದ್ದಿಯಾಗಿರಲಿಲ್ಲ. ನನಗೆ ಮಾತ್ರ ಕಿವಿಯೆಲ್ಲ ಬಿಸಿಯಾಗಿತ್ತು.

ಅವಳು ಉಸುಕು ಕೊಡವಿಕೊಳ್ಳುತ್ತ ಬಂದು, "ಮುಂದಿನ ವರ್ಷ ನೋಡ್ಕೊಂತೀನಿ," ಅಂದಳು. ಅಂದ ಮೇಲೆ ಇಬ್ಬರಿಗೂ ನೆನಪಾಯಿತು, ಎಸ್ಸೆಸ್ಸೆಲ್ಸಿ ಮುಗಿದರೆ ಮುಂದಿನ ವರ್ಷ ಎಂಬುದಿಲ್ಲ. ಹುಲ್ಲಿನ ಮೇಲೆ ಕೂತೆವು. ಸರ್ ಎಲ್ಲಿಂದಲೋ ಮೂರು ಐಸ್‌ಕ್ಯಾಂಡಿ ತಂದರು. ಅವಳಿಗೊಂದು ಕೊಟ್ಟು ಅಮೆರಿಕದವನ ಕಥೆ ಶುರು ಮಾಡಿದರು. ಅವಳು ಕಣ್ಣರಳಿಸಿ ಕೇಳಿದಳು. ನಾನು ನನ್ನ ಕ್ಯಾಂಡಿ ಕರಗುವ ಮುಂಚೆ ತಿಂದು ಮುಗಿಸಿದೆ.

ಆಮೇಲೆ ಸ್ಪರ್ಧೆ ಎನ್ನುವಂಥದ್ದು ನನ್ನ ಬದುಕಿನಲ್ಲಿ ಹೆಚ್ಚೇನೂ ಇರಲಿಲ್ಲ. ಟಿ.ಸಿ.ಎಚ್. ಮುಗಿಸಿ ಗುಡೇಕೋಟೆ ಕಡೆಯ ಶಾಲೆಯೊಂದರಲ್ಲಿ ಟೀಚರ್ ಆದೆ. ಅವಳು ಮದುವೆಯಾಗಿ ಕೂಡ್ಲಿಗಿಗೆ ಬಂದು ಹೊಲಿಗೆ ಅಂಗಡಿ ಇಟ್ಟಳು. ಬಳ್ಳಾರಿ ಜಿಲ್ಲೆಗೆ ವಾಪಸ್ ಬಂದೆ ನೋಡು ಎಂದು ಮೊದಲ ದಿನವೇ ಫೋನು ಮಾಡಿದ್ದಳು. ನನ್ನ ಸೀರೆಗಳಿಗೆಲ್ಲ ಕುಪ್ಪಸ ಹೊಲಿಯುವವಳು ಅವಳೇ. ಅಳತೆ ಟೇಪು ಕೈಗೆತ್ತಿಕೊಂಡಾಗಲೆಲ್ಲ ಒಂದೇ ತಕರಾರು: ಆವತ್ತು ಮೈಸೂರು ಕಡೆಯವರು ಟೇಪು ಸಡಿಲ ಹಿಡಿದಿದ್ದರಂತೆ.

ಒಂದು ಭಾನುವಾರ ಅವಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಶಾಲೆಯ ಮೈದಾನಕ್ಕೆ ಹೋದೆವು. ಮಕ್ಕಳಿಗಾಗಿ ನಾನು ಹಾಕಿಸಿದ್ದ ಉಸುಕಿನ ಗುಂಡಿ ಇತ್ತು, ಸುತ್ತ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು, ಸೀರೆಯನ್ನು ಎತ್ತಿ ಕಟ್ಟಿದೆವು. ನಾನು ಮೊದಲು ಓಡಿ ಹಾರಿ, ಹೊಟ್ಟೆ ತುಂಬ ತಿಂದ ಹೋಳಿಗೆಯ ಸಮೇತ ದೊಪ್ಪನೆ ಕುಂಡೆಯ ಮೇಲೆ ಕೂತೆ. ಅವಳು ಮೊದಲಿನಂತೆಯೇ ಹೆಜ್ಜೆಯ ಸದ್ದಿಲ್ಲದೆ ಬಂದಳು. ಒಂದು ಮಾರು ಅಂತರದಿಂದ ಗೆದ್ದಳು, ಅಳೆಯುವುದೇ ಬೇಕಾಗಲಿಲ್ಲ. ಕೈ ಕೊಟ್ಟು ನನ್ನನ್ನು ಎಬ್ಬಿಸಿ, ಬೆನ್ನಿನ ಉಸುಕು ಒರೆಸಿ, ಈಗ ಚಹಾ ಮಾಡು ನಡಿ ಅಂದಳು.