ಎಲ್ಲರದೂ ಎರಡೇ ರೊಟ್ಟಿ

ನಮ್ಮ ಕಡೆ ಉಣ್ಣುವವರ ರೊಟ್ಟಿ ಎಣಿಸಬಾರದು. ಎಣಿಸಿದರೆ ದೃಷ್ಟಿ ತಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ ಅನ್ನುತ್ತಾರೆ. ಬಸವನ ಬಾಗೇವಾಡಿಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆದರೆ ಎಂ.ಎ.ಯಲ್ಲಿ ಸಮಾಜಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ ತೆಗೆದುಕೊಂಡ ಮೇಲೆ ತಲೆತುಂಬ ಸೂತ್ರಗಳೇ ಸೇರಿಕೊಂಡು, ಮನೆಯಲ್ಲಿ ಕೇಳಿದ ಮಾತೆಲ್ಲ ಅಟ್ಟ ಸೇರಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ನಾನೇ ಆರಿಸಿಕೊಂಡೆ. ಮೈಮುರಿದು ದುಡಿಯುವವರು ಊಟಕ್ಕೆ ಎಷ್ಟು ರೊಟ್ಟಿ ತಿನ್ನುತ್ತಾರೆ, ಕೂತು ಕೆಲಸ ಮಾಡುವವರು ಎಷ್ಟು? ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಬಾಗೇವಾಡಿ, ನಾಲ್ಕೂ ಕಡೆ ಬಳಗವಿತ್ತು. ಹೆಣ್ಣುಮಕ್ಕಳು ಆಧಾರ್ ಕಾರ್ಡು ತೋರಿಸಿದರೆ ಬಸ್ಸೂ ಪುಕ್ಕಟೆ. ಇನ್ನೇನು ಬೇಕು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟೆ.

ಇಂಡಿಯಲ್ಲಿ ನಿಂಬೆಹಣ್ಣಿನ ಚೀಲ ಹೊರುವ ಹಮಾಲರೊಬ್ಬರನ್ನು ಕೇಳಿದೆ. ಬಾಗಿಲಿನಷ್ಟು ಅಗಲದ ಎದೆಯ ಆ ಮನುಷ್ಯ ನಾಚಿಕೊಂಡು, "ಎರಡ ರೊಟ್ಟಿರಿ" ಅಂದರು. ಸಿಂದಗಿಯಲ್ಲಿ ಗಾದಿಗೆ ಒರಗಿ ತೊಗರಿ ವ್ಯಾಪಾರ ಮಾಡುವವರೂ "ಎರಡ" ಅಂದರು. ಮುದ್ದೇಬಿಹಾಳದ ಮಾಸ್ತರರದ್ದೂ ಎರಡೇ. ನಾನು ಭಾರೀ ಖುಷಿಯಿಂದ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿದೆ.

ಮಾರ್ಗದರ್ಶಕಿ ಮೇಡಂ ಪರದೆ ನೋಡಿ ಕನ್ನಡಕ ತೆಗೆದು ಒರೆಸಿದರು. ಸರಾಸರಿ ಎರಡು, ಒಬ್ಬರಿಂದೊಬ್ಬರಿಗಿರುವ ಅಂತರ ತೋರಿಸುವ ಮಾನಕ ವಿಚಲನೆ ಹತ್ತಿರಹತ್ತಿರ ಸೊನ್ನೆ.

"ಏನವಾ, ಇಡೀ ಜಿಲ್ಲಾನ ಡಯಟ್ ಮಾಡಾಕತ್ತೈತೇನ?" ಅಂತ ಮೊದಲು ನಕ್ಕರು. ಆಮೇಲೆ ನಗಲಿಲ್ಲ. "ಮಂದಿ ನಡುವ ಫರಕ ಇಲ್ಲಂದ್ರ ಸಂಖ್ಯಾಶಾಸ್ತ್ರಕ್ಕ ಏನ ಕೆಲಸ? ಬ್ಯಾರೆ ಅಂಕಿ ತಂದ್ರ ವೈವಾಕ್ಕ ಕೂಡಿಸ್ತೇನಿ. ಇಲ್ಲಂದ್ರ ಈ ವರ್ಷ ಹೋತು ತಿಳಕೋ."

ವರ್ಷ ಹೋದರೆ ನನ್ನ ಓದೇ ಹೋದಂತೆ. ನನಗೆ ಗಂಡು ನೋಡಲು ತುದಿಗಾಲಲ್ಲಿ ನಿಂತಿದ್ದ ಬಳಗಕ್ಕೆ ಅದೇ ದೊಡ್ಡ ಹಬ್ಬವಾಗುತ್ತಿತ್ತು. ಸಿಟ್ಟಿನಿಂದ ಮನೆಗೆ ಬಂದು ಚೀಲ ಎಸೆದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಎಲ್ಲ ಹೇಳಿದರೆ, ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹುಚ್ಚಿ, ತಾ ತಿಂದ ರೊಟ್ಟಿ ಯಾರರ ಎಣಿಸಿ ಹೇಳ್ತಾರೇನ? ದೃಷ್ಟಿ ಆಗೂದಿಲ್ಲೇನ?"

"ಹಂಗಾರ ನೀ ಯಾಕ ಎಣಿಸಾಕತ್ತಿ?" ಅಂದೆ. ಬುಟ್ಟಿಗೆ ಹಾಕುವಾಗ ಅವಳ ತುಟಿ ಅಲುಗುತ್ತಿದ್ದದ್ದು ನನಗೆ ಕಂಡಿತ್ತು.

"ನಿಮ್ಮಪ್ಪಗ ಐದು, ನಿನಗ ಮೂರು, ಲೆಕ್ಕ ಇಲ್ಲದ ಬಡಿಯಾಕ ಬರ್ತೈತೇನ? ತಾಟಿಗೆ ಬೀಳೂ ಮೊದಲ ಎಣಿಸಿದ್ರ ಏನೂ ಆಗೂದಿಲ್ಲ."

ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು! ನಾನು ತಪ್ಪು ಮಂದಿಯನ್ನು ಕೇಳಿದ್ದೆ. ಮರುದಿನವೇ ಮತ್ತೆ ಬಸ್ಸು ಹತ್ತಿದೆ. ಈ ಸಲ ತಿನ್ನುವವರನ್ನು ಬಿಟ್ಟು, ಅದೇ ಮನೆಗಳ ಅಡುಗೆಮನೆಗೆ ಹೋಗಿ, ಯಾರ ಪಾಲಿಗೆ ಎಷ್ಟು ಬಡಿಯುತ್ತೀರಿ ಅಂತ ಕೇಳಿದೆ. ಇಂಡಿಯ ಹಮಾಲರ ಹೆಂಡತಿ, "ಆರು. ಪುಂಡಿಪಲ್ಲೆ ಇದ್ರ ಏಳು" ಅಂದರು. ಸಿಂದಗಿಯ ಗಾದಿ ಬಿಟ್ಟೇಳದ ವ್ಯಾಪಾರಿಗೆ ಐದು! ಅವರ ತಾಯಿ ಅದನ್ನು ಹೆಮ್ಮೆಯಿಂದಲೇ ಹೇಳಿದರು. ಮುದ್ದೇಬಿಹಾಳದ ಮಾಸ್ತರರದು ಮಾತ್ರ ನಿಜವಾಗಿಯೂ ಎರಡು, ಪಾಪ. ನನ್ನ ಸೊನ್ನೆಗೆ ಜೀವ ಬಂತು. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ವೈವಾದ ದಿನ ಮೇಡಂ ತಲೆದೂಗುತ್ತಾ ನೋಡಿ, ಒಂದು ಕಡೆ ಬೆರಳಿಟ್ಟರು.

"ರೊಟ್ಟಿ ಬಡಿಯೋರ ಕಾಲಂ ಯಾಕ ಖಾಲಿ ಬಿಟ್ಟಿ? ಅವರನ್ನ ಕೇಳಲಿಲ್ಲೇನ?"

"ಕೇಳೇನ್ರಿ ಮೇಡಂ. ನಾಲ್ಕೂ ಊರಾಗ ಎಲ್ಲಾರೂ ಒಂದ ಮಾತ ಹೇಳಿದ್ರು, 'ನಮಗ ಉಳದದ್ದು' ಅಂತ. ತಮಗಂತ ಯಾರೂ ಬಡಿಯೂದಿಲ್ರಿ."

ಮೇಡಂ ಪೆನ್ನು ತೆಗೆದರು. "ಅದನ್ನ ಖಾಲಿನ ಬಿಡು. ಮುಂದ ಪಿಎಚ್.ಡಿ.ಗೆ ಅದನ್ನ ತಗೋ" ಅಂದು ಸಹಿ ಹಾಕಿದರು.

ಪಾಸಾದ ಸಂತೋಷದಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆದರೂ ದಾರಿಯುದ್ದಕ್ಕೂ ಆ ಖಾಲಿ ಕಾಲಂ ಕಣ್ಣ ಮುಂದೆಯೇ ಇತ್ತು. ಮನೆಗೆ ಬಂದವಳೇ ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾಟಿನ ಮುಂದೆ ಕೂರಿಸಿದೆ. ನನ್ನ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ, ಒಂದು ಅಂಚಿನಲ್ಲಿ ಸೀದೂ ಹೋಯಿತು.

"ಇವು ನಿನಗಂತನ ಬಡದದ್ದು" ಅಂದೆ.

ಅವ್ವ ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ ಮುದ್ದೇಬಿಹಾಳ ತಾಲೂಕಿನ ನಕಾಶೇನ?" ಅಂತ ಛೇಡಿಸುತ್ತಲೇ ತಿಂದಳು. ಹಂಚಿನಿಂದ ಬಿಸಿಬಿಸಿ ಇಳಿದಂತೆ ನಾನು ಹಾಕುತ್ತಾ ಹೋದೆ, ಅವಳು ಬೇಡ ಅನ್ನಲಿಲ್ಲ.

"ಎಷ್ಟಾದ್ವು ಅವ್ವಾ?" ಅಂತ ಕೇಳಿದೆ.

"ಎರಡ" ಅಂದಳು ಅವ್ವ, ನಾಲ್ಕನೆಯದನ್ನು ಮುರಿಯುತ್ತಾ.